ಎಡಗಡೆಯ ಸೀಟು

ನಮ್ಮ ವ್ಯಾನಿನ ಇಂಜಿನ್ ಮುಂದಿನ ಸೀಟುಗಳ ಅಡಿಗೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನೇನೋ ದೆವ್ವದ ಕಥೆ ಹೇಳಲು ಹೊರಟಿದ್ದೇನೆ ಎಂದು ನೀವು ತಿಳಿಯಬಹುದು. ಆ ಕಾಲದ ಆ ಬಗೆಯ ವ್ಯಾನುಗಳೆಲ್ಲ ಹಾಗೇ ಇದ್ದವು, ಸೀಟು ಎತ್ತಿದರೆ ಕೆಳಗೆ ಇಂಜಿನ್. ಸ್ವಲ್ಪ ದೂರ ಓಡಿದರೆ ಸಾಕು, ಸೀಟಿನ ರೆಕ್ಸಿನ್ ಕಾಯುತ್ತಿತ್ತು. ಯಾರೂ ಕೂರದ ಸೀಟಿನ ಮೇಲೆ ಕೈ ಇಟ್ಟರೂ ಯಾರೋ ಈಗಷ್ಟೇ ಎದ್ದು ಹೋಗಿದ್ದಾರೆ ಅನ್ನಿಸುತ್ತಿತ್ತು. ನಮ್ಮ ವ್ಯಾನಿನ ಎಡಗಡೆಯ ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಅದು ಅವ್ವನ ಸೀಟು. ಅವ್ವ ತೀರಿಕೊಂಡದ್ದೂ ಅದರಲ್ಲೇ.

ನಾವಿದ್ದದ್ದು ಕಾಳಿ ನದಿಯ ದಂಡೆಯಲ್ಲಿ, ಮೌಳಂಗಿಯಿಂದ ಸ್ವಲ್ಪ ಮೇಲಕ್ಕೆ, ಒಂದು ಪಂಪ್‌ಹೌಸಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಪಂಪ್ ಆಪರೇಟರ್. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಮುಂದೆ ಜಲ್ಲಿ ಹಾಸಿದ ದೊಡ್ಡ ಅಂಗಳ. ಸುತ್ತ ಕಾಡು. ಮೋಟಾರಿನ ಸದ್ದು ನಮ್ಮ ಮನೆಯ ಗೋಡೆಗಳಲ್ಲೇ ಇತ್ತು. ಗೋಡೆಗೆ ಬೆನ್ನು ಕೊಟ್ಟು ಕೂತರೆ ಎದೆಯೊಳಗೆ ಗುಂಯ್ ಅನ್ನುತ್ತಿತ್ತು. ಕರೆಂಟು ಹೋಗಿ ಮೋಟಾರು ನಿಂತರೆ ನಾವು ಮಾತಾಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ಅಷ್ಟು ಅಭ್ಯಾಸವಾಗಿತ್ತು. ನೆಂಟರು ಬಂದರೆ ಮೊದಲ ದಿನ ನಿದ್ದೆ ಬರುವುದಿಲ್ಲ ಅನ್ನುತ್ತಿದ್ದರು. ನನಗೆ ನೆಂಟರ ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಈಗಲೂ ತೀರಾ ನಿಶ್ಶಬ್ದವಾದ ಕೋಣೆಯಲ್ಲಿ ನನಗೆ ಏನೋ ಕೆಟ್ಟದ್ದು ಆಗಿದೆ ಅನ್ನಿಸುತ್ತದೆ.

ಅವ್ವ ಹೋದ ದಿನ ಬೆಳಗಿನ ಜಾವ ನದಿಯ ಮೇಲಿನ ಮಂಜು ಅಂಗಳದವರೆಗೆ ಬಂದಿತ್ತು. ಎದೆಯಲ್ಲಿ ಏನೋ ಹಿಡಿದುಕೊಂಡಿದೆ ಎಂದು ಅವ್ವ ಹೇಳುತ್ತಿದ್ದಳು. ತಾನೇ ನಡೆದು ಹೋಗಿ ವ್ಯಾನಿನಲ್ಲಿ ಕೂತಳು. ಶಾಲು ಸರಿಮಾಡಿಕೊಂಡು, ಕಿಟಕಿಯ ಗಾಜು ಇಳಿಸಿ, ನನಗೆ ಹೇಳಿದಳು.

"ಸುಮೀ, ಹಾಲು ಒಲಿ ಮ್ಯಾಲ ಐತಿ. ಉಕ್ಕೀತು, ನೋಡಕೋ."

ಅಷ್ಟೇ. ನಾನು ಹಾಲು ನೋಡಿಕೊಂಡೆ. ತಮ್ಮ ವಿಠ್ಠು ಎದ್ದಾಗ ಅವನಿಗೆ ಕೊಟ್ಟೆ. ಮಧ್ಯಾಹ್ನ ವ್ಯಾನು ವಾಪಸ್ ಬಂತು. ಅದನ್ನು ಯಾರೋ ಬೇರೆಯವರು ಹೊಡೆದುಕೊಂಡು ಬಂದಿದ್ದರು. ಅಪ್ಪ ಅದರ ಹಿಂದೆ, ಬೇರೆ ಗಾಡಿಯಲ್ಲಿ, ಅವ್ವನ ಜೊತೆ ಬಂದ. ಏನಾಯಿತು ಎಂದು ಕೇಳಿದವರಿಗೆಲ್ಲ ಅಪ್ಪ "ದಾರ್ಯಾಗ ಹೋದ್ಲು" ಎಂದಷ್ಟೇ ಹೇಳಿದ. ನಮಗೂ ಅಷ್ಟೇ ಹೇಳಿದ. ಆಸ್ಪತ್ರೆ ಮುಟ್ಟಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅಂದಿನಿಂದ ಅಪ್ಪ ವ್ಯಾನಿನ ಒಳಗೆ ಕಾಲಿಡಲಿಲ್ಲ. ಪೇಟೆಗೆ ಸೈಕಲ್ ಮೇಲೆ ಹೋಗಿಬರುತ್ತಿದ್ದ. ಆದರೆ ಪ್ರತಿ ಭಾನುವಾರ ವ್ಯಾನನ್ನು ಹೊರಗಿನಿಂದ ತೊಳೆಯುತ್ತಿದ್ದ, ಟೈರಿನ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದ. ಗಾಜಿನವರೆಗೆ ಅಪ್ಪನ ಕೆಲಸ. ಗಾಜಿನ ಒಳಗಡೆ ಧೂಳು ಕೂರುತ್ತಲೇ ಹೋಯಿತು.

ಪಾರೂ ಮಾವಶಿ ನಮ್ಮ ಮನೆಗೆ ಬಂದದ್ದು ಆಗ. ಮಾವಶಿ ಅಂದರೆ ಚಿಕ್ಕಮ್ಮ, ನೆಂಟಳಲ್ಲದಿದ್ದರೂ ನಾವು ಹಾಗೇ ಕರೆಯುತ್ತಿದ್ದೆವು. ಹಳಿಯಾಳದ ಕಡೆಯ ಒಂದು ಸಣ್ಣ ಹಳ್ಳಿಯವಳು, ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ, ಇನ್ನೊಬ್ಬರ ಹೊಲದಲ್ಲಿ ದುಡಿದುಕೊಂಡಿದ್ದಳು. ಮುಂಡಗೋಡಿನ ಸನವಳ್ಳಿಯಲ್ಲಿದ್ದ ನಮ್ಮ ಮಾಮಾ, ಅಂದರೆ ಅವ್ವನ ಅಣ್ಣ, ಯಾರ ಯಾರನ್ನೋ ಕೇಳಿ ಅವಳನ್ನು ಕರೆತಂದಿದ್ದ. ನಮ್ಮನ್ನು ನೋಡಿಕೊಳ್ಳುವುದು ಅವಳ ಕೆಲಸ. ಬಂದ ಮೊದಲ ದಿನ ಅವಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ಮೂಸಿ ನೋಡಿದಳು, ಅವ್ವ ಇಟ್ಟ ಜಾಗದಿಂದ ಒಂದನ್ನೂ ಕದಲಿಸಲಿಲ್ಲ. ಕಡಲೆಹಿಟ್ಟಿನ ಝುಣಕ, ಅಕ್ಕಿ ರೊಟ್ಟಿ, ನದಿಯ ಸಣ್ಣ ಮೀನಿನ ಖಾರದ ಸಾರು ಮಾಡುತ್ತಿದ್ದಳು. ಅವಳ ಕೈರುಚಿ ಅವ್ವನದಕ್ಕಿಂತ ಚೆನ್ನಾಗಿತ್ತು. ಈ ಮಾತನ್ನು ನಾನು ಆಗ ಯಾರಿಗೂ ಹೇಳಲಿಲ್ಲ, ತಿನ್ನುವುದನ್ನು ಮಾತ್ರ ಬಿಡಲಿಲ್ಲ. ಊಟಕ್ಕೆ ಐದು ತಾಟು ಹಾಕುತ್ತಿದ್ದಳು. ಅವಳು ನಮ್ಮ ಜೊತೆ ಕೂತೇ ಉಣ್ಣಬೇಕು ಎಂಬುದು ಅಪ್ಪನದೇ ಮಾತು, ಹಾಗಾಗಿ ನಾವು ನಾಲ್ವರು. ಐದನೆಯದು ಯಾರಿಗೆ ಎಂದು ಯಾರೂ ಕೇಳಲಿಲ್ಲ. ಊಟವಾದ ಮೇಲೆ ಆ ತಾಟಿನಲ್ಲಿದ್ದುದನ್ನು ಅವಳು ಹಿತ್ತಲಿನ ಕಾಗೆಗಳಿಗೆ ಹಾಕಿ ಬರುತ್ತಿದ್ದಳು.

ಶಾಲೆ ದಾಂಡೇಲಿ ಪೇಟೆಯಲ್ಲಿ. ಜೋಯ್ಡಾ ಕಡೆಯಿಂದ ಬರುವ ಬಸ್ಸು ತುಂಬಿಕೊಂಡು ಬರುತ್ತಿತ್ತು. ನಮ್ಮ ತಿರುವಿನಲ್ಲಿ ಕಂಡಕ್ಟರ್ ಹೊರಗೆ ಕೈಬೀಸಿ, ಜಾಗ ಇಲ್ಲ ಎಂದು ತೋರಿಸಿ ಮುಂದೆ ಹೋಗುತ್ತಿದ್ದ. ಅವ್ವ ಇದ್ದಾಗ ಅಪ್ಪನೇ ವ್ಯಾನಿನಲ್ಲಿ ಬಿಟ್ಟು ಬರುತ್ತಿದ್ದ. ಈಗ ಡ್ರೈವರ್ ಬೇಕಾಯಿತು. ಮೊದಲು ಬಂದವನು ಎಡಗಡೆಯ ಸೀಟನ್ನು ಬಿಚ್ಚಿ ಬೇರೆಯದು ಹಾಕಿಸಿ, ನಿಂಬೆಹಣ್ಣು ಕೊಯ್ದ ಮೇಲೇ ಗಾಡಿ ಮುಟ್ಟುತ್ತೇನೆ ಎಂದ. ಸೀಟು ಬಿಚ್ಚುವ ಮಾತು ಕೇಳಿ ವಿಠ್ಠು ಅಂಗಳದಲ್ಲಿ ಉರುಳಾಡಿ ಅತ್ತ ಅಳುವಿಗೆ ಆತ ಹಾಗೇ ಹೊರಟುಹೋದ. ಎರಡನೆಯವನು ಧೈರ್ಯವಂತ, ಕೆಲವು ದಿನ ಬಂದ. ಆಮೇಲೆ ಒಂದು ಸಂಜೆ ಕೀಲಿಕೈಯನ್ನು ಅಪ್ಪನ ಕೈಗೆ ಕೊಟ್ಟ.

"ಸಾಹೇಬರ, ಗಾಡಿಗೆ ನಾ ಅಂಜೂದಿಲ್ಲ. ಆದರ ನಿಮ್ಮ ಹುಡುಗ ದಾರಿ ತುಂಬ ನನ್ನ ಬಾಜೂಕ ಯಾರಿಗೋ ಮಾತಾಡಸ್ತಾನ್ರಿ. ನಡು ನಡುವ ಸುಮ್ಮಿದ್ದು ಕೇಳಸ್ಕೋತಾನ. ಅದು ನನಗ ಆಗೂದಿಲ್ರಿ."

ಅದು ನಿಜ. ವಿಠ್ಠು ಹಿಂದಿನ ಸೀಟಿನ ನಟ್ಟನಡುವೆ ಕೂತು, ಎರಡು ಮುಂದಿನ ಸೀಟುಗಳ ನಡುವೆ ತಲೆ ತೂರಿಸಿ, ಎಡಗಡೆಗೆ ತಿರುಗಿ ಅವ್ವನ ಜೊತೆ ಮಾತಾಡುತ್ತಿದ್ದ. ಶಾಲೆಯಲ್ಲಿ ಯಾರು ಯಾರನ್ನು ಕಚ್ಚಿದರು, ಮಾವಶಿ ಕಾಳಿನ ಉಸಳಿಗೆ ಖಾರ ಎಷ್ಟು ಹಾಕಿದಳು, ಎಲ್ಲ ವರದಿ. ಅವನನ್ನು ಶಾಲೆಗೆ ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಅವನು ಅವ್ವನ ಹೆಸರೆತ್ತುತ್ತಿರಲಿಲ್ಲ. ಅವ್ವ ಇರುವುದು ವ್ಯಾನಿನಲ್ಲಿ ಎಂಬುದು ಅವನಿಗೆ ಅಷ್ಟು ಖಚಿತವಾಗಿತ್ತು.

ಆ ರಾತ್ರಿಯ ಊಟಕ್ಕೆ ಕೂತಾಗ ಮಾವಶಿ ರೊಟ್ಟಿ ಹಾಕುತ್ತಾ, ತೀರಾ ಸಲೀಸಾಗಿ, ಮಾತು ಶುರುಮಾಡಿದಳು.

"ಸಾಹೇಬರ, ನನಗ ಕಲಸ್ರಿ. ನಾನ ಹೊಡೀತೇನಿ."

"ವ್ಯಾನು ಅಂದ್ರ ಚಕ್ಕಡಿ ಅಲ್ಲ ಪಾರೂಬಾಯಿ."

"ಚಕ್ಕಡಿಗೆ ಎರಡು ಎತ್ತು, ಎರಡೂ ತಮ್ಮ ಬುದ್ಧಿ ನಡಸ್ತಾವ. ಇದಕ್ಕ ಬುದ್ಧಿನ ಇಲ್ಲಲ್ರಿ, ಅಂಜೂದ್ಯಾಕ?"

"ಹುಡುಗ ಮಾತಾಡ್ತಾನಂತ ಗಂಡಸರ ಬಿಟ್ಟು ಹೋಗ್ಯಾರ."

"ಮಾತಾಡ್ಲಿ ಬಿಡ್ರಿ. ಅವ್ವನ ಕೂಡ ಮಾತಾಡ್ತಾನ, ಪರರ ಕೂಡ ಅಲ್ಲ."

ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ. ಆದರೆ ಮರುದಿನ ಸಂಜೆ ಪಂಪ್‌ಹೌಸಿನ ಅಂಗಳದಲ್ಲಿ ಪಾಠ ಶುರುವಾಯಿತು. ಅಂಥ ಪಾಠವನ್ನು ನಾನು ಮುಂದೆ ಎಲ್ಲೂ ನೋಡಲಿಲ್ಲ. ಮಾವಶಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಕೂತಳು. ಅಪ್ಪ ಹೊರಗೆ ನಿಂತ. ಬಲಗಡೆಯ ಕಿಟಕಿಯ ಅಂಚಿಗೆ ಕೈ ಇಟ್ಟು, ವ್ಯಾನಿನ ಜೊತೆ ಜೊತೆಗೇ ನಡೆಯುತ್ತಾ ಹೇಳಿಕೊಟ್ಟ. ಕ್ಲಚ್ ಒತ್ರಿ. ಗೇರ್ ಹಾಕ್ರಿ. ಕ್ಲಚ್ ಮೆಲ್ಲಕ ಬಿಡ್ರಿ, ಮೆಲ್ಲಕ ಅಂದ್ನಿ. ವ್ಯಾನು ಗಕ್ಕನೆ ಹಾರಿ ನಿಲ್ಲುತ್ತಿತ್ತು, ಅಪ್ಪನೂ ಗಕ್ಕನೆ ನಿಲ್ಲುತ್ತಿದ್ದ. ನಾನು ಮತ್ತು ವಿಠ್ಠು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆವು. ಮೊದಲನೇ ಗೇರಿಗೆ ಅಪ್ಪ ನಡೆಯುತ್ತಿದ್ದ. ಎರಡನೇ ಗೇರಿಗೆ ಓಡುತ್ತಿದ್ದ, ಜಲ್ಲಿಯ ಮೇಲೆ ಚಪ್ಪಲಿ ಜಾರುತ್ತಿತ್ತು, ಏದುಸಿರು ಬಿಡುತ್ತಾ "ಸ್ಟೇರಿಂಗ್... ಸ್ಟೇರಿಂಗ್" ಅನ್ನುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ಹೋದಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಅಪ್ಪ ನಮ್ಮ ಕಡೆ ತಿರುಗಿ ನೋಡಿದಾಗ ಅವನ ಮುಖದಲ್ಲಿ ಏನಿತ್ತೋ, ನಮ್ಮಿಬ್ಬರ ನಗುವೂ ಅಲ್ಲೇ ನಿಂತಿತು. ಅವನು ಯಾಕೆ ಹಾಗೆ ನೋಡಿದ ಎಂದು ನನಗೆ ಬಹಳ ದಿನ ತಿಳಿಯಲಿಲ್ಲ.

ಎರಡನೇ ಗೇರಿಗಿಂತ ಮುಂದೆ ಅಪ್ಪನ ಕಾಲು ಓಡುವುದು ಸಾಧ್ಯವಿರಲಿಲ್ಲ. ಆದ್ದರಿಂದ ಪಾಠವೂ ಅಲ್ಲಿಗೇ ಮುಗಿಯಿತು.

"ಇಷ್ಟ ಸಾಕು ಪಾರೂಬಾಯಿ. ಮೂರನೇದಕ್ಕ ಕೈ ಹಾಕಬ್ಯಾಡ್ರಿ."

"ಹೂಂ ರೀ ಸಾಹೇಬರ."

ಲೈಸೆನ್ಸಿನ ಪರೀಕ್ಷೆಗೆ ಮೈದಾನದಲ್ಲಿ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ತೋರಿಸುವುದಿತ್ತು. ಅದಕ್ಕೆ ಎರಡನೇ ಗೇರು ಧಾರಾಳವಾಯಿತು. ಮಾವಶಿ ಲೈಸೆನ್ಸನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿದಳು. ಮರುದಿನದಿಂದ ನಮ್ಮನ್ನು ಶಾಲೆಗೆ ಕರೆದೊಯ್ಯತೊಡಗಿದಳು. ಅಮಾವಾಸ್ಯೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸುತ್ತಿದ್ದಳು. ದಿನಾ ಸ್ಟೇರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಶುಕ್ರವಾರ ಮಾತ್ರ ಇನ್ನೊಂದು ಕೆಲಸ ಇತ್ತು. ಕಾಂಪೌಂಡಿನ ಬದಿಯ ಮಲ್ಲಿಗೆಯನ್ನು ನನ್ನಿಂದ ಬಿಡಿಸಿ, ತಾನೇ ಕಟ್ಟಿ, ಒಂದು ತುಂಡು ಮಾಲೆಯನ್ನು ಎಡಗಡೆಯ ಸೀಟಿನ ಮೇಲೆ ಇಡುತ್ತಿದ್ದಳು. ಮುತ್ತೈದೆಯಾಗಿ ಹೋದವಳು, ಶುಕ್ರವಾರ ಬರಿಗೂದಲಲ್ಲಿ ಇರಬಾರದು ಎಂದು ಅವಳ ಲೆಕ್ಕ. ತಾನು ಹೂ ಮುಡಿಯುವಂತಿರಲಿಲ್ಲ, ಆದರೆ ಬೆರಳಿಗೆ ಹತ್ತಿದ ವಾಸನೆಯನ್ನು ಆಗಾಗ ಮೂಸುತ್ತಿದ್ದಳು. ಕೆಳಗಿನ ಇಂಜಿನ್ನಿನ ಕಾವಿಗೆ ಹೂವು ಶಾಲೆ ಮುಟ್ಟುವಷ್ಟರಲ್ಲಿ ಬಾಡಿ ಮೆತ್ತಗಾಗುತ್ತಿತ್ತು.

"ಅವ್ವ ಮುಡಕೊಂಡ್ಲು" ಅನ್ನುತ್ತಿದ್ದ ವಿಠ್ಠು.

ಮಾವಶಿಯ ಡ್ರೈವಿಂಗಿನ ವಿಚಿತ್ರ ಹೇಳಬೇಕು. ಅವಳು ಕಲಿತದ್ದು ಕಿಟಕಿಯಲ್ಲಿ ಅಪ್ಪನನ್ನು ಇಟ್ಟುಕೊಂಡು. ಗೇರು ಬದಲಿಸುವಾಗ ಅಪ್ಪ ಹೇಳುವುದು, ಅವಳು "ಹೂಂ ರೀ ಸಾಹೇಬರ" ಅನ್ನುವುದು, ಆಮೇಲೆ ಕೈ ಆಡಿಸುವುದು. ಆ ಮಾತೂ ಗೇರು ಬದಲಿಸುವ ಕ್ರಮದಲ್ಲೇ ಸೇರಿದೆ ಎಂಬಂತೆ ಅದು ಅವಳಲ್ಲಿ ನಿಂತುಬಿಟ್ಟಿತ್ತು. ಕಾಡಿನ ರಸ್ತೆಯಲ್ಲಿ, ಪಕ್ಕದಲ್ಲಿ ನರಪಿಳ್ಳೆ ಇಲ್ಲದಾಗಲೂ ಬಲಗಡೆಯ ಕಿಟಕಿಗೆ ತಿರುಗಿ "ಹೂಂ ರೀ ಸಾಹೇಬರ" ಎಂದು, ಆಮೇಲೆ ಗೇರು ಹಾಕುತ್ತಿದ್ದಳು. ಎಡಗಡೆಗೆ ತಿರುಗಿ ವಿಠ್ಠು ಅವ್ವನ ಜೊತೆ. ಬಲಗಡೆಗೆ ತಿರುಗಿ ಮಾವಶಿ ಅಪ್ಪನ ಜೊತೆ. ಇಬ್ಬರೂ ಇಲ್ಲ. ಉಳಿದವಳು ನಾನೊಬ್ಬಳು, ಮಾತಾಡಲು ಯಾರೂ ಇಲ್ಲದವಳು, ಅವ್ವನ ಸೀಟಿನ ಬೆನ್ನಿಗೆ ಮೊಣಕಾಲು ಒತ್ತಿಕೊಂಡು ಕೂತಿರುತ್ತಿದ್ದೆ. ನನಗೆ ವಿಠ್ಠುವಿನ ಮೇಲೆ ಹೊಟ್ಟೆಕಿಚ್ಚು ಇತ್ತು. ಅವನಿಗಿಂತ ಹೆಚ್ಚು ವರ್ಷ ಅವ್ವನ ಜೊತೆ ಇದ್ದವಳು ನಾನು, ಮಾತು ಬಂದರೆ ನನ್ನ ಜೊತೆ ಬರಬೇಕು. ಅವರಿಬ್ಬರೂ ಇಳಿದ ಮೇಲೆ ಕೆಲವು ಸಲ ನಾನು ಮುಂದೆ ಬಾಗಿ ಆ ಸೀಟಿಗೆ ಕೆನ್ನೆ ಇಡುತ್ತಿದ್ದೆ. ಬೆಚ್ಚಗಿರುತ್ತಿತ್ತು. ಕೆಳಗೆ ಇಂಜಿನ್ ಇದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಿವಿ ಒಡ್ಡುತ್ತಿದ್ದೆ. ಕಾದ ತಗಡು ತಣಿಯುವ ಟಿಕ್ ಟಿಕ್ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಎರಡನೇ ಗೇರಿನಲ್ಲಿ ವ್ಯಾನು ಮುಲುಕುತ್ತಿತ್ತು. ಆ ಮುಲುಕಾಟ ಕಾಡಿನಲ್ಲಿ ಬಹಳ ದೂರ ಕೇಳುತ್ತಿತ್ತು. ಸಂಜೆ ಅಪ್ಪ ಗೇಟಿನ ಹತ್ತಿರ ನಿಂತಿರುತ್ತಿದ್ದ, ದೂರದಿಂದ ಆ ಸದ್ದು ಕೇಳಿದ ಮೇಲೇ ಒಳಗೆ ಬಂದು ಚಹಾಕ್ಕೆ ನೀರು ಇಡುತ್ತಿದ್ದ. ನಾವು ಅಂಗಳಕ್ಕೆ ಬಂದು ನಿಲ್ಲುವುದಕ್ಕೂ ಚಹಾ ಕುದಿಯುವುದಕ್ಕೂ ಸರಿಹೋಗುತ್ತಿತ್ತು. ನಮ್ಮ ಹಿಂದೆ ಸಿಕ್ಕಿಬಿದ್ದ ಗಾಡಿಗಳ ಪಾಡು ಬೇರೆ. ಕಾಡಿನ ರಸ್ತೆ ಕಿರಿದು, ಮಾವಶಿ ನಡುರಸ್ತೆ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಜೋಯ್ಡಾದ ಬಸ್ಸು ಬಹಳ ಹೊತ್ತು ಹಾರ್ನ್ ಹೊಡೆದು ಹೊಡೆದು, ಕೊನೆಗೆ ಪಕ್ಕಕ್ಕೆ ಬಂದಾಗ ಡ್ರೈವರು ಅರ್ಧ ಮೈ ಹೊರಗೆ ಹಾಕಿ ಕೂಗಿದ.

"ಏ ಬಾಯಾರ, ಮೂರನೇದು ಹಾಕ್ರಿ, ಮೂರನೇದು! ಅದರ ಜೀವ ಹೋಗಾಕತ್ತೈತಿ, ಕೇಳಸೂದಿಲ್ಲೇನು?"

ಬಸ್ಸು ಹೋದ ಮೇಲೆ ಮಾವಶಿ ತನಗೆ ತಾನೇ "ಜೀವ ಹೋಗಾಕತ್ತೈತಂತ" ಎಂದಳು. ವಿಠ್ಠು ಅದನ್ನು ಎಡಗಡೆಯ ಸೀಟಿಗೆ ತಿಳಿಸಿದ.

ಶಾಲೆಗೆ ನಾವು ದಿನಾ ತಡ. ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗೆ ಹೋಗುವಾಗ ನಮ್ಮ ವ್ಯಾನು ಮುಲುಕುತ್ತಾ ಗೇಟಿಗೆ ಬರುತ್ತಿತ್ತು, ಎಲ್ಲರೂ ತಿರುಗಿ ನೋಡುತ್ತಿದ್ದರು. ದೊಡ್ಡ ಬಾಯಾರು, ಅಂದರೆ ಹೆಡ್‌ಮಿಸ್ಟ್ರೆಸ್, ಅಪ್ಪನನ್ನು ಕರೆಸಿ, ಹೀಗೇ ಆದರೆ ಮಕ್ಕಳಿಗೆ ಹತ್ತಿರದ ಬೇರೆ ವ್ಯವಸ್ಥೆ ನೋಡಿಕೊಳ್ಳಿ ಎಂದು ಹೇಳಿದರು. ಈ ಸುದ್ದಿ ಸನವಳ್ಳಿ ಮುಟ್ಟಿತು, ಭಾನುವಾರ ಮಾಮಾ ಬಂದ. ಮಾಮಾ ಕೆಟ್ಟವನಲ್ಲ. ತಂಗಿಯನ್ನು ಕಳೆದುಕೊಂಡವನು, ತಂಗಿಯ ಮಕ್ಕಳನ್ನಾದರೂ ಕಣ್ಣ ಮುಂದೆ ಇಟ್ಟುಕೊಳ್ಳಬೇಕು ಎಂದು ಅವನಿಗಿತ್ತು. ಊಟಕ್ಕೆ ಕೂತವನು ಐದರ ಜೊತೆ ಆರನೆಯ ತಾಟು ನೋಡಿದ, ನಾವು ಐದೇ ಜನ ಇದ್ದುದನ್ನು ನೋಡಿದ, ಕೈ ತೊಳೆದುಕೊಂಡುಬಿಟ್ಟ.

"ಭಾವ, ಇದು ಮನಿ ಅಲ್ರಿ. ಮಕ್ಕಳನ್ನ ನೋಡ್ಕೊಳ್ಳಾಕ ನಾ ಕರಕೊಂಡು ಬಂದಾಕಿ ಕೈಯಾಗ ಸ್ಟೇರಿಂಗ್ ಕೊಟ್ರಿ. ನೀವು ಸೈಕಲ್ ಮ್ಯಾಲ ಅಡ್ಡಾಡ್ತೀರಿ. ಹುಡುಗ ಖಾಲಿ ಸೀಟಿಗೆ ಮಾತಾಡ್ತಾನ. ಬರೂ ವಾರ ರಜಾ ಬಿಟ್ಟ ದಿನ ಇಬ್ಬರನ್ನೂ ಸನವಳ್ಳಿಗೆ ಕರಕೊಂಡು ಹೋಗ್ತೇನಿ. ಸಾಲಿ ನಮ್ಮ ಮನಿ ಮುಂದ ಐತಿ."

ಅಪ್ಪ ರೊಟ್ಟಿ ಮುರಿಯುತ್ತಿದ್ದ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಒಂದು ಮಾತು, ಬೇಡ ಎನ್ನುವ ಒಂದು ಮಾತು ಅವನ ಬಾಯಿಂದ ಬರಲಿ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮೋಟಾರಿನ ಗುಂಯ್ ಸದ್ದು ಗೋಡೆಯಲ್ಲಿ ಓಡುತ್ತಿತ್ತು. ವಿಠ್ಠು ರೊಟ್ಟಿ ಹಿಡಿದುಕೊಂಡೇ ಕೇಳಿದ.

"ಮಾಮಾ, ಗಾಡೀನೂ ಸನವಳ್ಳಿಗೆ ಬರ್ತೈತೇನು?"

"ಗಾಡಿ ಯಾತಕ್ಕಪ್ಪ? ಮಾರಿಬಿಡೂಣು ಅದನ್ನ."

ವಿಠ್ಠು ಅಳಲಿಲ್ಲ. ಸೀಟು ಬಿಚ್ಚುವ ಮಾತಿಗೆ ಉರುಳಾಡಿದ್ದವನು ಈ ಸಲ ರೊಟ್ಟಿಯನ್ನು ತಾಟಿನಲ್ಲಿಟ್ಟು ಸುಮ್ಮನೆ ಎದ್ದು ಹೊರಗೆ ಹೋದ. ಕಿಟಕಿಯಿಂದ ನೋಡಿದರೆ ಅವನು ವ್ಯಾನಿಗೆ ಒರಗಿ ನಿಂತಿದ್ದ. ಮಾವಶಿ ಅಡುಗೆಮನೆಯ ಬಾಗಿಲಿಗೆ ಬಂದಳು. ಗಂಡಸರು ಮಾತಾಡುವಾಗ ಅವಳು ನಡುವೆ ಬಾಯಿ ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಸಾಹೇಬರ, ಮೂರನೇದೊಂದು ಕಲಸ್ರಿ. ಸಾಲಿಗೆ ಟೈಮಿಗೆ ಮುಟ್ಟಸ್ತೇನಿ. ಆವಾಗ ಯಾರೂ ಏನೂ ಅನ್ನೂದಿಲ್ಲ."

"ಅದನ್ನ ಹೊರಗ ನಿಂತು ಕಲಸಾಕ ಬರೂದಿಲ್ಲ ಪಾರೂಬಾಯಿ."

"ಹಂಗಾರ ಒಳಗ ಬರ್ರಿ."

"ಪ್ಯಾಟ್ಯಾಗ ಯಾವನರ ಡ್ರೈವರನ್ನ ಬಾಜೂಕ ಕೂಡಸ್ಕೋ, ಕಲಸ್ತಾನ" ಎಂದ ಮಾಮಾ.

"ಅದು ಈ ಮನಿ ಬಾಯಾರ ಸೀಟು. ಅಲ್ಲಿ ಪರರನ್ನ ನಾ ಕೂಡಸೂದಿಲ್ಲ. ಕುಂತ್ರ ಸಾಹೇಬರ ಕೂಡಬೇಕು."

ಅಪ್ಪ ಎದ್ದು ಪಂಪ್‌ಹೌಸಿಗೆ ಹೋದ. ಅವನ ಪಾಳಿ ಆಗ ಇರಲಿಲ್ಲ. ಕತ್ತಲಾಗುವವರೆಗೂ ಬರಲಿಲ್ಲ. ಮಾಮಾ ನಮ್ಮ ಬಟ್ಟೆಗಳು ಯಾವ ಟ್ರಂಕಿನಲ್ಲಿವೆ ಎಂದು ನನ್ನನ್ನು ಕೇಳಿದ. ತೋರಿಸಿದೆ.

ಮರುದಿನ ಬೆಳಿಗ್ಗೆ ನಾವು ವ್ಯಾನಿನಲ್ಲಿ ಕೂತಿದ್ದೆವು. ಅಂದು ಸೋಮವಾರ, ಹೂವಿನ ದಿನ ಅಲ್ಲ. ಮಾವಶಿ ಕೀಲಿಕೈ ತಿರುಗಿಸುವ ಮೊದಲು ಎಡಗಡೆಯ ಬಾಗಿಲು ತೆರೆಯಿತು. ಅಪ್ಪ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಯಾರದೋ ಮನೆಗೆ ಹೋಗುವವನ ಹಾಗೆ. ಒಂದು ಕಾಲು ಒಳಗಿಟ್ಟ. ತೆಗೆದ. ಮತ್ತೆ ಇಟ್ಟ.

"ಅಪ್ಪಾ, ಬ್ಯಾಡ! ಅವ್ವ ಕುಂತಾಳ!" ವಿಠ್ಠು ಕಿರುಚಿದ.

ಅಪ್ಪ ಹಾಗೇ ನಿಂತ. ಮಾಮಾ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ. ಈಗ ಅಪ್ಪ ಬಾಗಿಲು ಮುಚ್ಚಿ ಹೋಗುತ್ತಾನೆ, ಟ್ರಂಕು ಹೊರಗೆ ಬರುತ್ತದೆ ಎಂದುಕೊಂಡೆ. ಅಪ್ಪ ವಿಠ್ಠುವನ್ನು ನೋಡಲಿಲ್ಲ. ಸೀಟನ್ನು ನೋಡುತ್ತಾ, ಸಣ್ಣ ದನಿಯಲ್ಲಿ, "ಸ್ವಲ್ಪ ಸರಿ" ಎಂದ. ನಮಗೆ ಹೇಳಿದ್ದಲ್ಲ ಅದು. ಆಮೇಲೆ ಕೂತ. ಸೀಟಿನ ತುದಿಯಲ್ಲಿ, ಅರ್ಧ ಸೀಟನ್ನು ಬಿಟ್ಟು, ಬಾಗಿಲಿಗೆ ಅಂಟಿಕೊಂಡು ಕೂತ.

ವ್ಯಾನು ಹೊರಟಿತು. ವಿಠ್ಠು ಹಿಂದಿನ ಸೀಟಿನ ನಡುವೆ ಮುಖ ಊದಿಸಿಕೊಂಡು ಕೂತಿದ್ದ, ಮುಂದಕ್ಕೆ ಬಾಗಲಿಲ್ಲ, ಮಾತಾಡಲಿಲ್ಲ. ಮೊದಲನೇ ಗೇರು, ಎರಡನೇ ಗೇರು. ಮಾವಶಿ ರೂಢಿಯ ಪ್ರಕಾರ ಬಲಗಡೆಯ ಕಿಟಕಿಗೆ ತಿರುಗಿ "ಹೂಂ ರೀ ಸಾಹೇಬರ" ಎಂದಳು. ಪಕ್ಕದಲ್ಲೇ ಇದ್ದ ಅಪ್ಪ ಅದನ್ನು ಕೇಳಿ ಅವಳ ಕಡೆ ನೋಡಿದ. ಏರು ಹತ್ತಿದೆವು. ಏರು ಮುಗಿದ ಮೇಲೆ ಸಪಾಟಾದ ಒಂದು ಜಾಗ ಇತ್ತು, ಆಮೇಲೆ ರಸ್ತೆ ಉದ್ದಕ್ಕೆ ಇಳಿಯುತ್ತಾ ಪೇಟೆಯ ಕಡೆ ಹೋಗುತ್ತಿತ್ತು. ಆ ಸಪಾಟಿನಲ್ಲಿ ಅಪ್ಪ ಕೈ ಎತ್ತಿದ.

"ಇಲ್ಲಿ ನಿಲ್ಲಸ್ರಿ."

ಮಾವಶಿ ನಿಲ್ಲಿಸಿದಳು. ಇಂಜಿನ್ನೂ ಬಂದ್ ಆಯಿತು. ಕಾಡಿನಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು. ಅಪ್ಪ ಮುಂದಿನ ಗಾಜನ್ನು ನೋಡುತ್ತಾ ಮಾತಾಡಿದ, ಯಾರಿಗೆ ಎಂದು ತಿಳಿಯದ ಹಾಗೆ.

"ಆವತ್ತ ಇಲ್ಲೇ ಬಂದ್ ಬಿತ್ತು ಗಾಡಿ. ಚಾಲೂನ ಆಗಲಿಲ್ಲ. ನಾ ಕೆಳಗಿಳದು, ಆ ಕಿಟಕ್ಯಾಗ ಕೈ ಹಾಕಿ ಸ್ಟೇರಿಂಗ್ ಹಿಡಕೊಂಡು ಬಾಜೂಕ ನಡಕೋತ ತಳ್ಳಿದೆ. ಇಳಿಜಾರಿಗೆ ಬಂದ್ರ ತಾನ ಚಾಲೂ ಆಗ್ತೈತಿ ಅಂತ. ಮಾತಾಡ್ಕೋತ ತಳ್ಳಿದೆ. ಇನ್ನ ಸ್ವಲ್ಪ, ಮುಟ್ಟಿದ್ವಿ ನೋಡು, ಕಣ್ಣು ತೆರಿ... ಆಕಿ ಮಾತಾಡಲಿಲ್ಲ. ಒಳಗ ಕೈ ಚಾಚಿ ಮುಟ್ಟಿದೆ. ಆಕಿ ಕೈ ಸೀಟಿನ ಮ್ಯಾಲ ಇತ್ತು. ಬೆಚ್ಚಗಿತ್ತು. ಮಲಗ್ಯಾಳ ಅಂತ ಮತ್ತ ತಳ್ಳಿದೆ."

ಮಾವಶಿ ಸೆರಗು ಬಾಯಿಗೆ ಹಿಡಿದಿದ್ದಳು. ಅಪ್ಪ ಸೀಟಿನ ಖಾಲಿ ಬಿಟ್ಟ ಅರ್ಧದ ಮೇಲೆ ಅಂಗೈ ಇಟ್ಟ.

"ಸೀಟ ಬೆಚ್ಚಗಿತ್ತು ಪಾರೂಬಾಯಿ. ಆಕಿ ಅಲ್ಲ. ಯಾವಾಗ ಹೋದ್ಲು ನನಗ ಗೊತ್ತಾಗಲಿಲ್ಲ. ಆಕಿ ಒಳಗ ಇದ್ಲು, ನಾ ಹೊರಗ ಇದ್ದೆ."

ಜಲ್ಲಿಯ ಅಂಗಳದಲ್ಲಿ ಕಿಟಕಿ ಹಿಡಿದು ಓಡುತ್ತಾ ನಮ್ಮ ಕಡೆ ತಿರುಗಿದ ಅಪ್ಪನ ಮುಖ ನನಗೆ ಆಗ ಅರ್ಥವಾಯಿತು. ದಿನಾ ಸಂಜೆ, ನಾವು ನಗುತ್ತಾ ನೋಡುತ್ತಿರುವಾಗ, ಅವನು ಮತ್ತೆ ಮತ್ತೆ ಅದೇ ಗಾಡಿಯ ಪಕ್ಕ ಅದೇ ನಡಿಗೆ ನಡೆದಿದ್ದ. ಒಳಗಿದ್ದ ಹೆಂಗಸು ಪ್ರತಿ ಮಾತಿಗೂ "ಹೂಂ ರೀ" ಅನ್ನುತ್ತಿದ್ದಳು, ಅದಕ್ಕೇ ಇರಬೇಕು ಅವನಿಂದ ಅದು ಸಾಧ್ಯವಾದದ್ದು. ನನಗೆ ಅಳು ಬಂತು. ಅವ್ವನಿಗಾಗಿ ಅಲ್ಲ, ಮೊದಲ ಸಲ ಅಪ್ಪನಿಗಾಗಿ ಅತ್ತೆ.

ವಿಠ್ಠು 'ಅವ್ವ ಆವಾಗ ಏನಂದ್ಲು' ಎಂದು ಕೇಳುತ್ತಾನೆ ಎಂದು ನಾನು ಹೆದರಿದ್ದೆ. ಅವನು ಕೇಳಲಿಲ್ಲ. ಎದ್ದ. ತಾನು ಕೂತಿದ್ದ ನಡುವಿನ ಜಾಗದಿಂದ ಆ ಕಡೆಯ ಕಿಟಕಿಗೆ ಸರಿದ. ನನ್ನನ್ನೂ ಈ ಕಡೆಗೆ ದಬ್ಬಿದ. ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಆಯಿತು.

"ಅವ್ವಾ, ಹಿಂದ ಬಾ. ಅಪ್ಪ ಸರಿಯಾಗಿ ಕುಂದರಲಿ" ಎಂದ.

ಸ್ವಲ್ಪ ಹೊತ್ತು ಕಾದ. ಅವ್ವನಿಗೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟು. ಆಮೇಲೆ ಮುಂದಕ್ಕೆ ಬಾಗಿ, ಎರಡು ಸೀಟುಗಳ ನಡುವಿನಿಂದ ಅಪ್ಪನ ಬಲಗೈಯನ್ನು ಹಿಡಿದೆಳೆದು, ನಮ್ಮ ನಡುವಿನ ಆ ಖಾಲಿ ಜಾಗದ ಮೇಲೆ ಇಟ್ಟ.

"ಬಂದ್ಲು ನೋಡಪ್ಪಾ. ಬೆಚ್ಚಗ ಐತಿ."

ಅಪ್ಪ ಸೀಟಿನಲ್ಲಿ ಹಿಂದಕ್ಕೆ ಸರಿದು ಪೂರ್ತಿ ಕೂತ. ಅವನ ಕೈ ಹಿಂದೆಯೇ ಇತ್ತು. "ಹೊಡೀರಿ ಪಾರೂಬಾಯಿ" ಎಂದ. ಮೊದಲನೇದು. ಎರಡನೇದು. ಇಳಿಜಾರಿಗೆ ಬಂದಾಗ ವ್ಯಾನು ಮುಲುಕತೊಡಗಿತು.

"ಈಗ ಕ್ಲಚ್ ಒತ್ರಿ. ನಡುವಿಗೆ ತರ್ರಿ. ಬಲಕ್ಕ ಸರಸಿ ಮುಂದಕ್ಕ ಒತ್ರಿ."

ಮಾವಶಿ ಬಲಗಡೆಯ ಕಿಟಕಿಗೆ ತಿರುಗಿದಳು. ತಡೆದಳು. ಎಡಗಡೆಗೆ ತಿರುಗಿ ಹೇಳಿದಳು.

"ಹೂಂ ರೀ ಸಾಹೇಬರ."

ಮುಲುಕಾಟ ನಿಂತುಹೋಯಿತು. ಅಷ್ಟು ದಿನ ಕಿವಿಯಲ್ಲಿ ತುಂಬಿಕೊಂಡಿದ್ದ ಸದ್ದು ಒಮ್ಮೆಲೇ ಹೋಗಿ, ಟೈರು ರಸ್ತೆಗೆ ಉಜ್ಜುವ ಸದ್ದು ಮಾತ್ರ ಉಳಿಯಿತು. ಮರಗಳು ಹಿಂದೆ ಓಡತೊಡಗಿದವು. ನಾನು ಮೆಲ್ಲಗೆ ಅಪ್ಪನ ಕೈಯ ಪಕ್ಕ ನನ್ನ ಕೈಯನ್ನೂ ಇಟ್ಟೆ. ವಿಠ್ಠು ಹೇಳಿದ್ದು ನಿಜ, ಬೆಚ್ಚಗಿತ್ತು. ಹಿಂದಿನ ಸೀಟಿನ ಅಡಿಗೆ ಇಂಜಿನ್ ಇರುವುದಿಲ್ಲ. ಅದು ವಿಠ್ಠು ಈಗಷ್ಟೇ ಎದ್ದು ಸರಿದ ಜಾಗ. ಅದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಶಾಲೆಯ ಗೇಟು ಬರುವವರೆಗೆ ಅಪ್ಪ ಕೈ ತೆಗೆಯಲಿಲ್ಲ.